ಹನೂರಿಗೆ ತಂದ ಬಾಳೆಕಂದು

ಬೇಸಿಗೆ ಮುಗಿಯುತ್ತ ಬಂದಂತೆ ಸತ್ತೇಗಾಲದ ನಮ್ಮ ತವರಿನ ಹಿತ್ತಿಲಲ್ಲಿ ಕೈತುಂಬ ಕೆಲಸ. ಒಣಗಿದ ಬಳ್ಳಿಗಳನ್ನು ಚಪ್ಪರದಿಂದ ಎಳೆದು ಹಾಕಬೇಕು, ತೆಂಗಿನ ಬುಡ ಬಿಡಿಸಿ ಗೊಬ್ಬರ ಕೊಡಬೇಕು, ಬಾಳೆಯ ಬುಡದಲ್ಲಿ ಹೆಚ್ಚಾದ ಕಂದುಗಳನ್ನು ಅಗೆದು ಬೇರೆ ಕಡೆ ನೆಡಬೇಕು. ನೀರಿನ ಯೋಚನೆ ಮಾತ್ರ ಯಾರಿಗೂ ಇರಲಿಲ್ಲ. ಕಾಲುವೆ ಪಕ್ಕದಲ್ಲೇ ಇತ್ತು.

ಅರವತ್ತರ ದಶಕದ ಮೊದಲಲ್ಲಿ ನನ್ನನ್ನು ಹನೂರಿಗೆ ಕೊಟ್ಟರು. ಮದುವೆಯಾದ ಮೊದಲ ಬೇಸಿಗೆಯಲ್ಲಿ ತವರಿಗೆ ಹೋದವಳು ವಾಪಸು ಬರುವಾಗ ಒಂದು ಬಾಳೆಕಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಅದನ್ನು ಟಾಪಿನ ಮೇಲೆ ಹಾಕಿ ಎಂದ. ನಾನು ಒಪ್ಪದೆ ಕಾಲ ಹತ್ತಿರವೇ ಇಟ್ಟುಕೊಂಡೆ.

ಹಿತ್ತಿಲಲ್ಲಿ ನಾನು ಗುಂಡಿ ತೋಡುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಈ ಬಿಸ್ಲಲ್ಲಿ ನೆಟ್ರೆ ಉಳಿದದಾ? ಮಳೆ ಬೀಳೋಗಂಟ ತಡಿ ಕಣವ್ವ."

"ನಮ್ಮೂರಲ್ಲಿ ಈಗ್ಲೇ ನೆಡೋದು ಅತ್ತೆ."

"ನಿಮ್ಮೂರು ಒಳೆ ದಂಡೆ. ಇದು ಅನೂರು."

ನಾನು ನೆಟ್ಟೆ. ಬಾವಿಯಲ್ಲಿ ಆಗಲೇ ಕೊಡ ಮುಳುಗುವಷ್ಟು ನೀರಿರಲಿಲ್ಲ. ಮುಖ ತೊಳೆದ ನೀರು, ಅಕ್ಕಿ ತೊಳೆದ ನೀರು, ಎಲ್ಲವನ್ನೂ ಅದರ ಬುಡಕ್ಕೇ ಸುರಿದೆ. ಒಂದು ಸುಳಿ ಬಂತು. ಸುಳಿ ಬಿಚ್ಚಿ ಎಲೆಯಾಗುವಷ್ಟರಲ್ಲಿ ಬಿಸಿಗಾಳಿ ಶುರುವಾಯಿತು. ಎಲೆಯ ಅಂಚು ಕಂದಿತು. ಒಂದು ಮಧ್ಯಾಹ್ನ ನೋಡಿದರೆ ಪಡುವಣ ಬಿಸಿಲಿಗೆ ಅಡ್ಡವಾಗಿ ಯಾರೋ ತೆಂಗಿನ ಗರಿ ನಿಲ್ಲಿಸಿದ್ದರು. ಮನೆಯಲ್ಲಿ ಆಗ ಇದ್ದದ್ದು ನಾನು ಮತ್ತು ಅತ್ತೆ ಇಬ್ಬರೇ.

ಆದರೂ ಕಂದು ಉಳಿಯಲಿಲ್ಲ. ಅದನ್ನು ಕಿತ್ತು ಎಸೆದು ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನಾನು ಯಳಂದೂರಿಂದ ಬರ್ವಾಗ ವೀಳ್ಯದೆಲೆ ಅಂಬು ತಂದು ನೆಟ್ಟಿದ್ದಿ. ಎಂಟೇ ದಿನ್ಕೆ ಸುಟ್ಟೋಯ್ತು. ನಮ್ಮತ್ತೆ ಬೀದಿಯೋರ್ನೆಲ್ಲ ಕರ್ದು ತೋರ್ಸಿ ನಕ್ಬುಡ್ತು."

"ನೀವು ನಗ್ಲಿಲ್ವಲ್ಲ ಅತ್ತೆ."

"ನಂಗೂ ನಗು ಬಂದಿತ್ತು. ತಡ್ಕಂಡಿ."

ಆ ಮಧ್ಯಾಹ್ನವೇ ಇಬ್ಬರೂ ಕೆಲಸಕ್ಕಿಳಿದೆವು. ಹನೂರಿನ ಬೇಸಿಗೆಯ ಕೊನೆಯ ಕೆಲಸವೇ ಬೇರೆ. ಗುಂಡಿ ತೆಗೆದು ತರಗೆಲೆ, ಬೂದಿ, ಕೊಟ್ಟಿಗೆ ಗೊಬ್ಬರ ತುಂಬಿ, ಮೇಕೆ ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು ಇಟ್ಟು ಹಾಗೇ ಬಿಡುವುದು. ಹನಿ ನೀರೂ ಹಾಕುವುದಿಲ್ಲ. ಮಳೆ ಬಿದ್ದು ನೆಲ ತಣಿದ ಮೇಲೆಯೇ ಕುಂಬಳದ ಬೀಜ, ನುಗ್ಗೆ ಕೊಂಬೆ.

ಆ ವರ್ಷ ಮಳೆ ಹಿಡಿದ ಮೇಲೆ ಅತ್ತೆಯೇ ನನ್ನ ಗಂಡನನ್ನು ಸತ್ತೇಗಾಲಕ್ಕೆ ಕಳಿಸಿ ಎರಡು ಕಂದು ತರಿಸಿದರು. ಬಚ್ಚಲ ನೀರು ಹರಿಯುವ ಕಡೆ ಒಂದು ಹತ್ತಿತು. ಅದರ ಮೊದಲ ಗೊನೆ ತೀರ ಸಣ್ಣದಾಗಿತ್ತು. ಅತ್ತೆ ಅದನ್ನು ಮನೆಮನೆಗೂ ಹಂಚಿ ಬಂದರು.

ಕೆಲವು ವರ್ಷಗಳ ನಂತರ ಬೇಸಿಗೆಯಲ್ಲಿ ತವರಿಗೆ ಹೋಗಿದ್ದಾಗ ತಮ್ಮನ ಹೆಂಡತಿ ಬಾಳೆಯ ಪಾತಿ ತುಂಬಿ ಹೊರಗೆ ಹರಿಯುವಂತೆ ನೀರು ಬಿಟ್ಟಿದ್ದಳು. "ಯಾಕಿಂಗೆ ದಂಡ ಮಾಡ್ತಿಯೇ? ಸಾಕು, ಕಟ್ಟು" ಎಂದು ಗದರಿದೆ.

ಅವಳು ಸೆರಗು ಬಾಯಿಗಿಟ್ಟು ನಕ್ಕಳು. "ಅನೂರ್ನೋರು ಬಂದ್ರು, ನೀರ್ ಕಟ್ರಪ್ಪ" ಎಂದು ಒಳಗಿದ್ದ ನಮ್ಮವ್ವನಿಗೂ ಕೇಳುವಂತೆ ಕೂಗಿದಳು.