ವೈನಿಯ ಸೊಂಟನೋವಿಗೆ ಒಂದು ಹಚ್ಚೆ

ನಮ್ಮಣ್ಣನ ಹೆಂಡತಿ, ನಮ್ಮ ವೈನಿ ಮಲಕವ್ವನಿಗೆ ಸೊಂಟನೋವು ಇರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎರಡು ವರ್ಷ ಈ ಸುಳ್ಳನ್ನು ಹೊತ್ತು ತಿರುಗಿ ನನಗೇ ಸೊಂಟ ಹಿಡಿದಿದೆ.

ಆಕೆಗೆ ಇದ್ದದ್ದು ಮನಸ್ಸಿನ ಬೇನೆ. ಹಿಟ್ಟು ನಾದಿಟ್ಟವಳು ರೊಟ್ಟಿ ಬಡಿಯದೆ ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದಳು. ಕರೆದರೂ ಹೊರಳಿ ನೋಡುತ್ತಿರಲಿಲ್ಲ. ಒಂದು ದಿನ ನಮ್ಮೂರು ಮಮದಾಪುರದ ಕೆರೆ ಏರಿಯ ಮೇಲೆ ಒಬ್ಬಳೇ ನಿಂತಿದ್ದವಳನ್ನು ನಾನೇ ಕೈಹಿಡಿದು ಮನೆಗೆ ತಂದೆ. ಆ ಕೈ ಎಷ್ಟು ತಣ್ಣಗಿತ್ತು ಎಂದು ನೆನೆದರೆ ಈಗಲೂ ನನಗೆ ಹೆದರಿಕೆಯಾಗುತ್ತದೆ. ಮರುದಿನವೇ ವಿಜಯಪುರದ ದವಾಖಾನೆಗೆ ಕರೆದೊಯ್ದೆ. ಆಮೇಲೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ನಾವಿಬ್ಬರೂ.

ಊರಿಗೆ ಏನು ಹೇಳುವುದು? ನಮ್ಮವ್ವ ಹೊಳೆವ್ವ ಅರೆಗಳಿಗೆಯಲ್ಲಿ ತೀರ್ಮಾನ ಕೊಟ್ಟಳು: “ಸೊಂಟನೋವು ಅನ್ರಿ. ಸೊಂಟಕ್ಕ ಯಾರೂ ಹೆಸರ ಇಡೂದಿಲ್ಲ.”

ಹೆಸರಿಡಲಿಲ್ಲ ನಿಜ, ಎಣ್ಣೆ ತಂದರು. ಓಣಿಯಿಂದ ಏಳು ಬಾಟಲಿ ಎಣ್ಣೆ ಬಂತು. ತಿಕೋಟಾದ ನಮ್ಮ ಸೋದರತ್ತೆ ಮೈ ತಿಕ್ಕುವ ಮುದುಕಿಯೊಬ್ಬಳನ್ನು ಕಳಿಸಿದಳು. ಆಕೆ ಏನೂ ಆಗದ ಸೊಂಟವನ್ನು ಮೂರು ದಿನ ತಿಕ್ಕಿ, ನಿಜವಾಗಿಯೂ ನೋವು ಮಾಡಿ ಹೋದಳು. ಎದುರುಮನೆಯ ಮಾಬುಬಿಯಂತೂ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ತಾನೇ ತಂದುಕೊಡುತ್ತಿದ್ದಳು. ವೈನಿ “ಆರಾಮ ಆಗಾಕತ್ತೈತ್ರಿ” ಎಂದು ತಲೆ ತಗ್ಗಿಸುವಳು. ಅಂಥ ಒಳ್ಳೆಯವರಿಗೆ ಸುಳ್ಳು ಹೇಳುವುದು ಆಕೆಗೆ ಬೇನೆಗಿಂತ ಭಾರವಾಗಿತ್ತು.

ಹೋದ ತಿಂಗಳು ಡಾಕ್ಟರು ಎರಡು ಗುಳಿಗೆಯಲ್ಲಿ ಒಂದನ್ನು ಬಿಡಿಸಿದರು. ದವಾಖಾನೆಯ ಗೇಟು ದಾಟಿದ್ದೇ ತಡ, ವೈನಿ ನನ್ನ ಕೈ ಜಗ್ಗಿದಳು.

“ಆರತಿ, ನಾ ಒಂದ ಹಚ್ಚಿ ಹಾಕಸ್ಕೋತೇನಿ. ಇದನ್ನ ದಾಟಿ ಬಂದದ್ದಕ್ಕ. ಮುಂಗೈ ಮ್ಯಾಲೆ.”

“ಎಲ್ಲಾರಿಗೂ ಕಾಣೂವಂಗ?”

“ಕಾಣ್ಲಿ.”

“ಯಾಕ ಹಾಕಸ್ಕೊಂಡಿ ಅಂತ ಕೇಳಿದ್ರ?”

ಆಕೆ ಆಗಲೇ ಆಟೋಕ್ಕೆ ಕೈ ಮಾಡುತ್ತಿದ್ದಳು. ನನಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ವೈನಿ ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು! ಆಟೋ ಹಿಡಿದು ಅಥಣಿ ರಸ್ತೆಯ ಚೇತನಕುಮಾರನ ಹಚ್ಚೆ ಅಂಗಡಿಗೆ ಓಡಿದೆವು.

ಆತ ಮೊಬೈಲಿನಲ್ಲಿ ಚಿಟ್ಟೆ, ನವಿಲುಗರಿ, ಹಕ್ಕಿಗಳ ಸಾಲು ತೋರಿಸಿದ. ಪ್ರತಿಯೊಂದಕ್ಕೂ ನಾನು “ಇದ ಇರ್ಲಿ!” ಎಂದೆ. ಪ್ರತಿಯೊಂದಕ್ಕೂ ವೈನಿ ಒಲ್ಲೆ ಎಂದಳು. ಈ ಹಚ್ಚೆ ಯಾತಕ್ಕೆ ಎಂದು ಕೊನೆಗೆ ಆತ ಕೇಳಿದ. ನಾನೇ ಪಿಸುಗುಟ್ಟಿದೆ. ಆತ ಒಂದು ಚುಕ್ಕಿ, ಅದರ ಕೆಳಗೊಂದು ಅಲ್ಪವಿರಾಮ ಇರುವ ಅರ್ಧವಿರಾಮದ ಚಿತ್ರ ತೆಗೆದ.

“ಮನಸ್ಸಿನ ಬ್ಯಾನಿ ಗೆದ್ದವ್ರು ಇದನ್ನ ಹಾಕಸ್ತಾರ್ರಿ. ಕತಿ ಮುಗದಿಲ್ಲ, ಇನ್ನೂ ಐತಿ ಅಂತ ಅರ್ಥ.”

“ಚಲೋ ಐತಿ ತಮ್ಮಾ. ಆದ್ರ ನಾ ನಾಕನೇತ್ತಕ್ಕ ಸಾಲಿ ಬಿಟ್ಟಾಕಿ. ನನ್ನ ಕೈ ಮ್ಯಾಲಿಂದು ನನಗ ಓದಾಕ ಬರಬೇಕು.”

ಹಾಗೆಂದವಳು ಅವನ ಪೆನ್ನು ಕಸಿದುಕೊಂಡು ತನ್ನ ಮುಂಗೈ ಮೇಲೆ ಒಂದು ಬಾಗಿದ ಗೆರೆ ಎಳೆದು, ಅದರ ಒಳಗೊಂದು ಬೊಟ್ಟು ಇಟ್ಟಳು. ಆ ಗುರುತು ನನಗೆ ಗೊತ್ತಿದ್ದದ್ದೇ. ನಮ್ಮದು ಕುರಿ ಸಾಕುವ ಮನೆ. ಕಳೆದುಹೋಗಿ ಮತ್ತೆ ಸಿಕ್ಕ ಕುರಿಯ ಬೆನ್ನಿಗೆ ನಮ್ಮಪ್ಪ ಗೊಲ್ಲಾಳಪ್ಪ ಕೆಮ್ಮಣ್ಣಿನಲ್ಲಿ ಇದೇ ಗುರುತು ಬರೆಯುತ್ತಾನೆ. ಆ ಕುರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮಳೆಗೆ ಗುರುತು ಅಳಿಸಿದರೆ ಅಪ್ಪ ಮತ್ತೆ ಬರೆಯುತ್ತಾನೆ.

“ನಂದು ಮಳಿಗೆ ಹೋಗಬಾರದು, ನೋಡಪಾ,” ಎಂದಳು ವೈನಿ.

ಸೂಜಿಯ ಮಷಿನ್ನು ಗುರ್ರೆಂದಾಗ ಚೀರಿದ್ದು ನಾನು. ಹಚ್ಚೆ ಹಾಕಿಸಿಕೊಳ್ಳುತ್ತಿದ್ದವಳು ನನ್ನ ಮುಖ ನೋಡಿ ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ನನಗೆ ಅಳು ಉಕ್ಕಿತು. ಚೇತನಕುಮಾರ ನೀರು ಕೊಟ್ಟದ್ದೂ ನನಗೇ.

ಬಬಲೇಶ್ವರದಲ್ಲಿ ಬಸ್ಸು ಬದಲಿಸಿದೆವು. ಮಮದಾಪುರದ ಬಸ್ಸಿನಲ್ಲಿ ಸಿಕ್ಕ ಸೀಟು ಮಾಬುಬಿಯ ಪಕ್ಕದ್ದೇ! ಆಕೆಯ ಕಣ್ಣು ನೇರವಾಗಿ ವೈನಿಯ ಕೈಗೆ ಹೋಯಿತು.

“ಇದು ಗೊಲ್ಲಾಳಪ್ಪನ ಕುರಿ ಗುರುತಲ್ಲೇನು? ನಿನಗ್ಯಾಕವಾ ಇದು?”

‘ಸುಮ್ನ ಡಿಜೈನ್ ಬೇ’ ಎಂಬ ಸುಳ್ಳು ನನ್ನ ನಾಲಿಗೆಯ ತುದಿಗೆ ಬಂದಿತ್ತು. ವೈನಿ ನನ್ನ ತೊಡೆ ಚಿವುಟಿದಳು.

“ದೊಡ್ಡವ್ವಾ, ನನಗ ಸೊಂಟನೋವು ಇರಲಿಲ್ಲ. ಮನಸ್ಸಿಗೆ ಬ್ಯಾನಿ ಆಗಿತ್ತು. ಕಳದ ಹೋಗಿದ್ದೆ. ಈಗ ಬಂದೀನಿ.”

ಮುಂದಿನ ಸೀಟಿನವರೂ ಹೊರಳಿ ನೋಡಿದರು. ವೈನಿ ತಲೆ ತಗ್ಗಿಸಲಿಲ್ಲ. ಮಾಬುಬಿ ಕಾಸಿ ಕೊಟ್ಟ ಎಣ್ಣೆಗೆಲ್ಲ ಈಗ ಬೈಗುಳ ಬೀಳುತ್ತದೆ ಎಂದು ನಾನು ಕಾದೆ.

“ನನ್ನ ಮಗಳು ತರನ್ನುಮ ಬಾಣಂತನಕ್ಕ ಬಂದು ಆರು ತಿಂಗಳಾತು,” ಎಂದಳು ಮಾಬುಬಿ ಮೆಲ್ಲಗೆ. “ಕೂಸಿನ್ನ ಮುಟ್ಟೂದಿಲ್ಲ. ಗ್ವಾಡಿ ನೋಡ್ಕೋತ ಕುಂದರ್ತಾಳ. ತಲಿನೋವು ಅಂತ ನಾನೂ ಎಲ್ಲಾರಿಗೂ ಸುಳ್ಳ ಹೇಳೀನಿ.” ಆಕೆ ವೈನಿಯ ಕೈ ಹಿಡಿದಳು. “ನೀ ತೋರಸೂ ಡಾಕ್ಟರ್ ಯಾ ದಿನ ಇರ್ತಾರವಾ?”

“ಗುರುವಾರ ಇರ್ತಾರ. ನಾನೂ ಬರ್ತೇನಿ.”

ಮನೆಯಲ್ಲಿ ಅವ್ವ ಆ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೈಯಲಿಲ್ಲ. “ಹೊಸಾ ಹಚ್ಚಿಗಿ ಅರಿಷಿಣ ಹಚ್ಚಬೇಕ,” ಎಂದು ಒಳಗೆ ಹೋದಳು.

ಗುರುವಾರ ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ, ಆದರೆ ಬಸ್ಸು ಹತ್ತಲಿಲ್ಲ. ಕೂಸನ್ನು ಎತ್ತಿಕೊಂಡ ಮಾಬುಬಿ ಹಿಂದಿನ ಸೀಟಿನಲ್ಲಿದ್ದಳು. ಕಿಟಕಿಯ ಪಕ್ಕ ತರನ್ನುಮ ಕೂತಿದ್ದಳು. ಅವಳ ಕೈ ಹಿಡಿದುಕೊಂಡು, ಎರಡು ವರ್ಷ ನಾನು ಕೂತ ಜಾಗದಲ್ಲಿ ನಮ್ಮ ವೈನಿ ಕೂತಿದ್ದಳು.