ಶೂ ಡಬ್ಬದ ಬ್ಯಾಂಕು

ನೀವು ಇದನ್ನು ನಂಬುವುದಿಲ್ಲ. ಆದರೂ ಹೇಳುತ್ತೇನೆ. ಅಮೆರಿಕದ ನಮ್ಮ ಸೆಂಟರ್‌ವಿಲ್‌ನಲ್ಲಿ ಒಂದು ಬ್ಯಾಂಕ್ ಇತ್ತು. ಅಲ್ಲಿ ಡಾಲರ್ ಕೊಟ್ಟರೆ ರೂಪಾಯಿ ಸಿಗುತ್ತಿತ್ತು. ಅದರ ಛೇರ್ಮನ್, ಮ್ಯಾನೇಜರ್, ಕ್ಯಾಶಿಯರ್, ವಾಚ್‌ಮನ್ ಎಲ್ಲ ನಾನೇ. ವಯಸ್ಸು ಹದಿನಾರು. ಹೆಡ್ ಆಫೀಸು, ನನ್ನ ಬಟ್ಟೆ ಕ್ಲಾಸೆಟ್ಟಿನೊಳಗಿನ ಶೂ ಡಬ್ಬ.

(‘ಇತ್ತು’ ಎಂದೆ, ಗಮನಿಸಿದಿರಾ? ಗಮನಿಸಿದ್ದರೆ ಸುಮ್ಮನಿರಿ. ಕತೆ ಕೆಡಿಸಬೇಡಿ.)

ಈ ಐಡಿಯಾ ಹೊಳೆದದ್ದು ಹೋದ ಬೇಸಿಗೆಯಲ್ಲಿ, ಬಾಂಬೆ ಏರ್‌ಪೋರ್ಟಿನಲ್ಲಿ. ಅಪ್ಪನ ಬಳಿ ಟ್ರಾವೆಲರ್ಸ್ ಚೆಕ್ ಇತ್ತು, ಡಾಲರ್ ಇತ್ತು, ರೂಪಾಯಿ ಮಾತ್ರ ಒಂದೂ ಇರಲಿಲ್ಲ. ಹಣ ಬದಲಾಯಿಸುವ ಕೌಂಟರಿನ ಮುಂದೆ ಕ್ಯೂ ಎಷ್ಟಿತ್ತೆಂದರೆ, ಅದರ ಬಾಲದಲ್ಲಿ ನಿಂತವರು ಇನ್ನೂ ವಿಮಾನದಿಂದ ಇಳಿದಿರಲಿಲ್ಲ. ಅಷ್ಟರಲ್ಲಿ ಟ್ರಾಲಿ ತಳ್ಳಿದವನು ಕೈ ಚಾಚಿದ. ಅಪ್ಪನ ಹತ್ತಿರ ಚಿಲ್ಲರೆ ಎಲ್ಲಿಂದ ಬರಬೇಕು? ಇಪ್ಪತ್ತು ಡಾಲರಿನ ನೋಟು ಕೊಟ್ಟರು. ಅವನು ನಮ್ಮಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿ, ನಮ್ಮೊಡನೆ ಮೈಸೂರಿಗೇ ಹೊರಟುಬಿಟ್ಟಿದ್ದ. ನಾನು ಸುಳ್ಳು ಹೇಳುವುದಿಲ್ಲ. ಸ್ವಲ್ಪ ದೊಡ್ಡದು ಮಾಡಿ ಹೇಳುತ್ತೇನೆ, ಅಷ್ಟೇ.

ಅಲ್ಲಾ, ಇಷ್ಟೆಲ್ಲ ಪಾಡು ಯಾಕೆ? ಇಲ್ಲಿ ಕನ್ನಡದವರ ಪ್ರತಿ ಮನೆಯಲ್ಲೂ ರೂಪಾಯಿ ಇದೆ! ಊರಿಗೆ ಹೋಗಿ ಬಂದವರು ಮಿಕ್ಕ ನೋಟುಗಳನ್ನು ಒಂದು ಡಬ್ಬಕ್ಕೆ ಹಾಕಿಡುತ್ತಾರೆ. ರೂಪಾಯಿಯನ್ನು ದೇಶದಿಂದ ಹೊರಗೆ ತರಬಾರದೆಂದು ಕಾನೂನಿದೆಯಂತೆ. ಆದರೆ ಪ್ಯಾಂಟಿನ ಜೇಬಿನಲ್ಲಿ ಮರೆತು ಉಳಿದುಬಿಟ್ಟರೆ? ವರ್ಜೀನಿಯಾದ ಅಂಕಲ್‌ಗಳಷ್ಟು ಮರೆಗುಳಿಗಳು ಪ್ರಪಂಚದಲ್ಲೇ ಇಲ್ಲ.

ನಾನು ಮನೆಮನೆಗೆ ಹೋಗಿ ಕೊಂಡೆ. ಊರಿಗೆ ಹೊರಟವರಿಗೆ ಮಾರಿದೆ. ಏರ್‌ಪೋರ್ಟಿಗಿಂತ ಒಳ್ಳೆಯ ರೇಟು, ಕಮಿಷನ್ ಇಲ್ಲ, ಅಮ್ಮ ಮೂಡಿನಲ್ಲಿದ್ದರೆ ಕಾಫಿ ಫ್ರೀ. ಕಣ್ಣು ಮುಚ್ಚಿ ಮೂಸಿದರೂ ಸಾಕು, ನೋಟು ಯಾರ ಮನೆಯದೆಂದು ಹೇಳಬಲ್ಲೆ. ಇಂಗಿನ ವಾಸನೆ ಬಂದರೆ ಎದುರಿನ ಟೌನ್‌ಹೌಸ್. ಕರ್ಪೂರವಾದರೆ ನಮ್ಮ ಹಿಂದಿನ ಬೀದಿ.

ಒಂದೇ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಯಾರೂ ಡಬ್ಬ ಪೂರ್ತಿ ಖಾಲಿ ಮಾಡುತ್ತಿರಲಿಲ್ಲ. ಎಷ್ಟು ಒಳ್ಳೆಯ ರೇಟು ಹೇಳಿದರೂ ಅಷ್ಟೇ. “ಅದೊಂದಿಷ್ಟು ಇರಲಿ ಪುಟ್ಟಿ, ಯಾವಾಗ ಬೇಕಾಗುತ್ತೋ” ಎಂದು ಮುಚ್ಚಳ ಹಾಕಿಬಿಡುತ್ತಿದ್ದರು. ಜಿಪುಣರು ಎಂದುಕೊಂಡೆ.

ಈಗ ಫ್ರೀಯಾಗಿ ಒಂದಿಷ್ಟು ಅಡ್ವೈಸ್. ಯಾವ ದೇಶಕ್ಕೇ ಹೋಗಿ, ಮೊದಲ ದಿನಕ್ಕೆ ಬೇಕಾಗುವಷ್ಟು ಅಲ್ಲಿನ ದುಡ್ಡು ಕೈಯಲ್ಲಿರಲಿ. ಉಳಿದದ್ದನ್ನು ಊರು ತಲುಪಿ, ಹಗಲು ಹೊತ್ತಿನಲ್ಲಿ, ಬ್ಯಾಂಕಿನಲ್ಲೇ ಬದಲಾಯಿಸಿ. ಏರ್‌ಪೋರ್ಟಿನ ಹೊರಗೆ “ಡಾಲರ್ ಸರ್? ಬೆಸ್ಟ್ ರೇಟ್ ಸರ್” ಎಂದು ಪಿಸುಗುಡುವವನು ನಿಮ್ಮ ಸೋದರಮಾವನಲ್ಲ. ಅವನು ಕೊಡುವ ಕಟ್ಟಿನಲ್ಲಿ ಮೇಲೊಂದು ಕೆಳಗೊಂದು ನೋಟಿರುತ್ತದೆ, ನಡುವೆ ನ್ಯೂಸ್‌ಪೇಪರ್ ಇರುತ್ತದೆ. ದುಡ್ಡನ್ನೆಲ್ಲ ಒಂದೇ ಜೇಬಿನಲ್ಲಿ ಇಡಬೇಡಿ.

ಈ ಕೊನೆಯ ಪಾಠ ಮಾತ್ರ ನನ್ನದಲ್ಲ, ಗುರುಪಾದಪ್ಪ ಅಂಕಲ್‌ದು. ನನ್ನ ಬೆಸ್ಟ್ ಕಸ್ಟಮರ್. ಬಾಗಲಕೋಟೆಯವರು, ಇಲ್ಲಿ ಸೇತುವೆ ಡಿಸೈನ್ ಮಾಡುತ್ತಾರೆ. ಅಮೆರಿಕನ್ ಸೂಪರ್ ಮಾರ್ಕೆಟ್ಟಿನಲ್ಲಿ ಬಾರ್‌ಕೋಡ್ ಬಿದ್ದ ಮೇಲೂ ಕೊತ್ತಂಬರಿಗೆ ಚೌಕಾಸಿ ಮಾಡಿದ ಏಕೈಕ ಮನುಷ್ಯ. ನನ್ನನ್ನು ಬಿಡುತ್ತಾರೆಯೇ?

“ಏನವಾ ಮ್ಯಾನೇಜರ್ ಬಾಯಿ, ಇವತ್ತಿನ ರೇಟ್ ಏನೈತಿ?”

ಹೇಳಿದೆ.

“ಅಬಬಬ! ಇದು ಬ್ಯಾಂಕೋ, ದರೋಡೆಯೋ? ನಿನ್ನ ಕೈಯಾಗ ಬಂದೂಕ ಒಂದ ಇಲ್ಲ ನೋಡ.”

“ಹಾಗಾದ್ರೆ ಏರ್‌ಪೋರ್ಟಲ್ಲೇ ಚೇಂಜ್ ಮಾಡ್ಕೊಳ್ಳಿ ಅಂಕಲ್.”

“ಅಲ್ಲಿ ನಿಂದ್ರಾಕ ಟೈಮ್ ಎಲ್ಲೈತಿ?” ಎಂದರು. ನಗುತ್ತಲೇ ಎಂದರು, ಆದರೆ ಪೂರ್ತಿ ನಗಲಿಲ್ಲ. “ಅವ್ವ ಹಾಸಿಗಿ ಹಿಡಿದಾಳ. ಫೋನ್ ಬಂತಂದ್ರ ಎದ್ದು ಹೊಂಡೂದಷ್ಟ. ಮುಖಾ ಒಂದ್ ನೋಡಬೇಕು. ನಡುವ ಎಲ್ಲೂ ತಡಾ ಆಗಬಾರ್ದು.”

ಅದಕ್ಕೇ ಅವರ ಪ್ಲಾನ್ ಅಷ್ಟು ಪಕ್ಕಾ ಇತ್ತು. ಅಂಗಿ ಜೇಬಿನಲ್ಲಿ ಹತ್ತರ ನೋಟು, ಟ್ರಾಲಿಯವನಿಗೆ. ಪ್ಯಾಂಟಿನ ಜೇಬಿನಲ್ಲಿ ಐವತ್ತರವು, ದಾದರಿನ ಬಸ್ ಸ್ಟ್ಯಾಂಡಿನವರೆಗೆ ಟ್ಯಾಕ್ಸಿಗೆ. ಕಾಲುಚೀಲದಲ್ಲಿ ನೂರರವು, ಬಾಗಲಕೋಟೆಯ ಬಸ್ಸಿಗೆ. ನಮ್ಮ ಲಿವಿಂಗ್ ರೂಮಿನಲ್ಲಿ ರಿಹರ್ಸಲ್ ಕೂಡ ಆಯಿತು. ಸೋಫಾ ಟ್ಯಾಕ್ಸಿ. ನಾನು ಡ್ರೈವರ್.

“ಮೀಟರ್ ಖರಾಬ್ ಹೈ ಸಾಬ್,” ಎಂದೆ.

“ಖರಾಬ್ ಹೈ? ಹಂಗಾರ ಇಳೀತೀನಿ!” ಎಂದು ಅಂಕಲ್ ಓಡುತ್ತಿದ್ದ ಸೋಫಾದಿಂದ ಹಾರಿ ಟೀಪಾಯಿಗೆ ಮೊಣಕಾಲು ಹೊಡೆಸಿಕೊಂಡರು. ಅಮ್ಮ ಅಡುಗೆಮನೆಯಿಂದ ನಗುತ್ತಾ, “ಗುರುಪಾದಪ್ಪನವರೇ, ಊರಿಗೆ ಹೋಗೋಕೆ ಮುಂಚೆ ನೀವೇ ಹಾಸಿಗೆ ಹಿಡೀತೀರಿ” ಎಂದರು.

ಎಲ್ಲ ಪಕ್ಕಾ. ಒಂದು ಬಿಟ್ಟು. ಅಂಕಲ್ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದರು. ಅರ್ಜಿ ತೀರ್ಮಾನವಾಗುವ ಮೊದಲು ದೇಶ ಬಿಟ್ಟು ಹೋಗಲು ಒಂದು ಪರ್ಮಿಷನ್ ಪೇಪರ್ ಬೇಕು. ಅದಿಲ್ಲದೆ ಹೋದರೆ ಅರ್ಜಿ ಅಲ್ಲೇ ರದ್ದು. ವರ್ಷಗಟ್ಟಲೆ ಕಾದದ್ದು ನೀರಿನಲ್ಲಿ ಹೋಮ. ಪೇಪರಿಗೆ ಬರೆದು ಕೇಳಿದ್ದರು, ಬಂದಿರಲಿಲ್ಲ.

“ಈ ವಾರ ಬರ್ತೈತಿ ಅಂತ ಲಾಯರ್ ಹೇಳ್ಯಾನ,” ಎನ್ನುತ್ತಿದ್ದರು. ಪ್ರತಿ ವಾರ ಎನ್ನುತ್ತಿದ್ದರು.

ಹೋದ ಶನಿವಾರ ಮಧ್ಯಾಹ್ನ ಕಾಲಿಂಗ್ ಬೆಲ್ ಆಯಿತು. ಅಂಕಲ್. ಹೊರಗೆ ಸುಡುಬಿಸಿಲು, ಬೀದಿಯಲ್ಲಿ ಎಲ್ಲರೂ ಚಡ್ಡಿ, ಚಪ್ಪಲಿ. ಇವರು ಮಾತ್ರ ಪೂರ್ತಿ ತೋಳಿನ ಅಂಗಿ, ಪ್ಯಾಂಟು, ಶೂ, ಕಾಲುಚೀಲ. ಅಂಗಿಯ ಇಸ್ತ್ರಿಯೆಲ್ಲ ಹಾಳಾಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಏನ್ ಅಂಕಲ್, ಇಂಟರ್‌ವ್ಯೂನಾ?”

“ರೂಪಾಯಿ ವಾಪಸ್ ತಗೋತೀಯೇನು?”

ನನಗೆ ಖುಷಿಯೋ ಖುಷಿ. ಆಂಧ್ರದ ಒಂದು ಫ್ಯಾಮಿಲಿ ಮುಂದಿನ ವಾರ ಹೊರಡುವುದಿತ್ತು, ನನ್ನ ಡಬ್ಬದಲ್ಲಿ ಸ್ಟಾಕ್ ಇರಲಿಲ್ಲ. ಆದರೆ ಮುಖದಲ್ಲಿ ತೋರಿಸಿಕೊಂಡರೆ ನಾನೆಂಥ ಮ್ಯಾನೇಜರ್? ಶೂ ಡಬ್ಬ ತಂದು ಊಟದ ಟೇಬಲ್ ಮೇಲಿಟ್ಟು, ಕ್ಯಾಲ್ಕುಲೇಟರ್ ಒತ್ತಿ, ತಲೆ ಅಲ್ಲಾಡಿಸಿದೆ.

“ನಾವು ಮಾರೋ ರೇಟ್ ಬೇರೆ, ಕೊಳ್ಳೋ ರೇಟ್ ಬೇರೆ ಅಂಕಲ್. ನಿಮಗೆ ಲಾಸ್ ಆಗುತ್ತೆ. ಬ್ಯಾಂಕ್ ಪಾಲಿಸಿ.”

ಜಗಳಕ್ಕೆ ರೆಡಿಯಾಗಿ ನಿಂತೆ. ದರೋಡೆ, ಬಂದೂಕ, ಎಲ್ಲ ಬರಲಿ ಎಂದು. ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ.

“ನಿನಗ ಎಷ್ಟ ಕೊಡಬೇಕನಸ್ತೈತಿ ಅಷ್ಟ ಕೊಡ,” ಎಂದರು.

ಗುರುಪಾದಪ್ಪ ಅಂಕಲ್! ಚೌಕಾಸಿ ಇಲ್ಲದೆ! ನಾನು ಗೆದ್ದೆ ಎಂದುಕೊಂಡೆ. ಗೆದ್ದವರು ಸುಮ್ಮನಿರಬೇಕೋ ಬೇಡವೋ? ನಾನು ರೇಟನ್ನು ಇನ್ನೂ ಸ್ವಲ್ಪ ಇಳಿಸಿದೆ.

ಅವರು ಅಂಗಿ ಜೇಬಿನಿಂದ ಹತ್ತರ ನೋಟು ತೆಗೆದು ಟೇಬಲ್ ಮೇಲಿಟ್ಟರು. ಪ್ಯಾಂಟಿನ ಜೇಬಿನಿಂದ ಐವತ್ತರವು. ಆಮೇಲೆ ಕುರ್ಚಿಯಲ್ಲಿ ಕೂತು, ಬಗ್ಗಿ, ಶೂ ಕಳಚಿ, ಕಾಲುಚೀಲದೊಳಗೆ ಕೈ ಹಾಕಿದರು. ಮಡಿಚಿದ ನೂರರ ನೋಟುಗಳು ಬೆವರಿಗೆ ಒದ್ದೆಯಾಗಿದ್ದವು.

“ಅಯ್ಯೋ ಅಂಕಲ್, ಸೆಂಟರ್‌ವಿಲ್‌ನಲ್ಲೂ ಕಾಲುಚೀಲದಲ್ಲಿ ದುಡ್ಡಾ? ಇಲ್ಲಿ ಯಾವ ಟ್ಯಾಕ್ಸಿಯವನು ಹೊಡ್ಕೊಂಡು ಹೋಗ್ತಾನೆ?” ಎಂದು ಕಿಸಕ್ಕೆಂದೆ. “ಅಷ್ಟು ಕಷ್ಟಪಟ್ಟು ತಗೊಂಡಿದ್ದು, ಇಟ್ಕೊಳ್ಳಿ ಬೇಕಾದ್ರೆ.”

“ಮನ್ಯಾಗಿದ್ರ ಕಣ್ಣಿಗೆ ಬೀಳ್ತಾವ, ಬ್ಯಾಡವಾ,” ಎಂದರು.

ಆಗ ಅಮ್ಮ ಒಳಗೆ ಬಂದರು. ಕೈಯಲ್ಲಿ ಕಾರ್ಡ್‌ಲೆಸ್ ಫೋನ್ ಹಾಗೇ ಇತ್ತು.

“ಗುರುಪಾದಪ್ಪನವರೇ, ಪಾರ್ವತಿ ಫೋನ್ ಮಾಡಿದ್ಳು.” ಪಾರ್ವತಿ ಆಂಟಿ ಅವರ ಹೆಂಡತಿ. “ನಿಮ್ಮಮ್ಮ ಹೋಗ್ಬಿಟ್ರಂತೆ. ನೀವು ನಿನ್ನೆ ಫೋನ್ ಬಂದಾಗ ಹಾಕ್ಕೊಂಡ ಬಟ್ಟೆ ಇನ್ನೂ ಬಿಚ್ಚಿಲ್ವಂತೆ. ಎಲ್ಲಿ ಹೋದ್ರೋ ಅಂತ ಹುಡುಕ್ತಾ ಇದಾಳೆ.”

ಅಂಕಲ್ ಒಂದು ಕಾಲಿಗೆ ಶೂ, ಒಂದು ಕಾಲಿಗೆ ಬರೀ ಕಾಲುಚೀಲದಲ್ಲಿ ಎದ್ದು ನಿಂತರು.

“ಮಣ್ಣ ಆತ್ರಿ ವೈನಿ,” ಎಂದರು. “ನನ್ನ ಸಲುವಾಗಿ ಒಂದ್ ದಿನ ಇಟ್ಟಿದ್ರು. ಪೇಪರ್ ಬರಲಿಲ್ಲ, ಲಾಯರ್ ಬ್ಯಾಡಂದ. ಈಗ ಹೋದ್ರ ಮನಿಯವ್ರನ್ನೆಲ್ಲ ಬೀದಿಗೆ ತಂದಂಗ ಅಂದ. ಸೂಟ್‌ಕೇಸ್ ಬಾಗಲಾಗ ಇಟ್ಕೊಂಡ ಕುಂತಿದ್ದೆ. ಅಲ್ಲಿ ಮಣ್ಣ ಮಾಡ್ಯಾರ.”

ನಾನು ಕ್ಯಾಲ್ಕುಲೇಟರ್ ಮೇಲಿನ ನಂಬರನ್ನು ಅಳಿಸಿದೆ.

ಅಮ್ಮ ಟೇಬಲ್ ನೋಡಿದರು. ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ನೋಟುಗಳನ್ನು ಒಟ್ಟು ಮಾಡಿದರು. ಹತ್ತರವು ಬೇರೆ, ಐವತ್ತರವು ಬೇರೆ, ಒದ್ದೆ ನೂರರವು ಬೇರೆ. ಅಂಕಲ್‌ರ ಕೈ ಹಿಡಿದು, ಬೆರಳು ಬಿಡಿಸಿ, ಅದರೊಳಗಿಟ್ಟರು.

“ಇಟ್ಕೊಳ್ಳಿ,” ಎಂದರು. “ಊರಲ್ಲಿ ನಿಮ್ಮಪ್ಪ ಇದ್ದಾರಲ್ಲ.”

ಅಂಕಲ್ ಅಮ್ಮನ ಮುಖ ನೋಡಿದರು. ಆಮೇಲೆ ಕೂತು, ಹತ್ತರವನ್ನು ಅಂಗಿ ಜೇಬಿಗೆ ಹಾಕಿದರು, ಐವತ್ತರವನ್ನು ಪ್ಯಾಂಟಿನ ಜೇಬಿಗೆ. ಬಗ್ಗಿ, ನೂರರವನ್ನು ಕಾಲುಚೀಲದೊಳಗೆ ಸೇರಿಸಿ, ಶೂ ಲೇಸು ಕಟ್ಟಿಕೊಂಡರು.

ಅವರು ಹೋದ ಮೇಲೆ ಅಮ್ಮ ನನ್ನ ಡಬ್ಬ ಎತ್ತಿಕೊಂಡರು. “ಮುಗೀತು ನಿನ್ನ ಬ್ಯಾಂಕು,” ಎಂದಷ್ಟೇ ಹೇಳಿ, ಅದನ್ನು ಪಾಸ್‌ಪೋರ್ಟ್‌ಗಳಿರುವ ಡ್ರಾಯರಿನಲ್ಲಿಟ್ಟರು. ಅಲ್ಲಿ ಆಗಲೇ ಒಂದು ಕುಕೀ ಡಬ್ಬವಿತ್ತು. ನಮ್ಮದೇ. ನಾನು ಇಲ್ಲಿನ ಎಲ್ಲರ ಮನೆಯ ಡಬ್ಬವನ್ನೂ ಮೂಸಿದ್ದೆ, ಅದೊಂದನ್ನು ಬಿಟ್ಟು. ಮೈಸೂರಿನಲ್ಲಿ ನನ್ನ ಅಜ್ಜಿ ಇದ್ದಾರೆ.

ನಿಮ್ಮ ಮನೆಯದು ಯಾವ ಡ್ರಾಯರಿನಲ್ಲಿದೆ?