ಕೊರಳಿಗಲ್ಲ, ಎದೆಗೆ ಕಟ್ರಿ

ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಮರಿ ಮಡಿಲಿನಿಂದ ಹಾರಿ ಮುಂದಿನ ಸೀಟಿನ ಕಬ್ಬಿಣಕ್ಕೆ ಬಡಿಯಬಹುದು. ಹಾರ್ನ್ ಸದ್ದಿಗೆ ಬೆಚ್ಚಿ ಕಿಟಕಿಯಿಂದ ಜಿಗಿಯಬಹುದು. ಪಕ್ಕದವರ ಕೈ ಕಚ್ಚಬಹುದು. ಕಚ್ಚದಿದ್ದರೂ ಕಚ್ಚಿತು ಅಂತ ಅವರು ಕೂಗಬಹುದು. ವಾಂತಿ ಮಾಡಬಹುದು, ಅದೂ ಮದುವೆಗೆ ಹೊರಟವರ ರೇಷ್ಮೆ ಸೀರೆಯ ಮೇಲೆ. ಕಾವಿಗೆ ನಾಲಿಗೆ ಚಾಚಿ ಬವಳಿ ಬಂದು ಬೀಳಬಹುದು. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಲ್ಲಬಹುದು, ಬೇರೆ ಬಸ್ಸಿನವರು ನಾಯಿ ಬೇಡ ಅನ್ನಬಹುದು. ಇಳಿಯುವ ಗಡಿಬಿಡಿಯಲ್ಲಿ ಹಗ್ಗ ಕೈಜಾರಿ, ಮರಿ ಚಕ್ರದ ಕೆಳಗೆ... ಅದೊಂದನ್ನು ಮಾತ್ರ ಪೂರ್ತಿ ಯೋಚಿಸಲಿಲ್ಲ. ಪೂರ್ತಿ ಯೋಚಿಸಿದರೆ ನಡೆದೇಬಿಡುತ್ತದೆ ಎಂದು ನಂಬುವವರ ಪೈಕಿ ನಾನು.

ಹೋದ ತಿಂಗಳು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ, ಮೂರು ತಿಂಗಳ ನಾಯಿಮರಿಯನ್ನು ಅವಚಿಕೊಂಡು ಸೊರಬದ ಬಸ್ಸಿನಲ್ಲಿ ಕೂತು ಈ ಪಟ್ಟಿ ಬೆಳೆಸುತ್ತಿದ್ದೆ. ಮುಂದಿನ ಸೀಟಿನ ಹೆಂಗಸೊಬ್ಬರು ಚೀಲದಿಂದ ನಿಂಬೆಹಣ್ಣು ತೆಗೆದು ಉಗುರಿನಿಂದ ಸಿಪ್ಪೆ ಗೀರಿ ಮೂಸಿಕೊಂಡರು. ಆ ವಾಸನೆ ಡೀಸೆಲ್ ವಾಸನೆಯ ಜೊತೆ ಸೇರಿ ಹಿಂದಕ್ಕೆ ಬಂತು. ಮರಿ ಮೂಗು ಸಿಂಡರಿಸಿ ಸೀನಿತು. ನನಗೆ ಹಳೆಯ ಕಂಡಕ್ಟರೊಬ್ಬರು ನೆನಪಾದರು.

ಹದಿಮೂರು ವರ್ಷದ ಹಿಂದಿನ ಮಾತು. ನಾನಾಗ ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಸೊರಬದ ಕಡೆಯ ಶಾಲೆಗೆ ವರ್ಗವಾಗಿತ್ತು. ಮನೆ ಖಾಲಿ ಮಾಡಿದ ದಿನ ಪಾತ್ರೆ, ಮಂಚ, ಬೀರು ಎಲ್ಲ ಟೆಂಪೋ ಹತ್ತಿದವು. ಹತ್ತದೇ ಉಳಿದದ್ದು ಕೆಂಚ. ಈಸೂರಿನ ಗೆಳೆಯರೊಬ್ಬರು ಕೊಟ್ಟ ಕೆಂಪು ಬಣ್ಣದ ನಾಡು ನಾಯಿ ಅದು. ಮಂಚದ ಕಾಲಿಗೆ ಕಟ್ಟಿ ಮೇಲೆ ಕೂರಿಸಿದರೆ ಟೆಂಪೋ ಸ್ಟಾರ್ಟ್ ಆದ ಕೂಡಲೇ ಹಗ್ಗ ಕಿತ್ತುಕೊಂಡು ಹಾರಿತು. ಎರಡನೇ ಸಲವೂ ಹಾರಿತು. "ನಿಮ್ ನಾಯಿ ಸತ್ರೆ ನನ್ ಮೇಲೆ ಬರ್ತತೆ" ಅಂತ ಟೆಂಪೋದವನು ಕೈಮುಗಿದ. ನನ್ನ ಹೆಂಡತಿ ಸಾಮಾನಿನ ಜೊತೆ ಮುಂದೆ ಹೋಗಲೇಬೇಕಿತ್ತು. ಹತ್ತುವ ಮುಂಚೆ ನನ್ನ ಮುಖ ನೋಡಿ, "ರೀ, ನೀವು ಬಸ್ಸಿಗೆ ಕರ್ಕೊಂಡು ಬನ್ನಿ. ಏನೇ ಆಗ್ಲಿ, ಬಿಟ್ಟು ಮಾತ್ರ ಬರ್ಬೇಡಿ" ಅಂದಳು. ನನ್ನನ್ನು ಬಲ್ಲವಳು ಅವಳು.

ಯಾಕೆಂದರೆ ಬಿಟ್ಟು ಬರುವ ಸಲಹೆ ಆಗಲೇ ಬಂದಾಗಿತ್ತು. ಗೋಡೆಗೆ ಸುಣ್ಣ ಕಲಸುತ್ತಿದ್ದ ಮನೆ ಮಾಲೀಕರು, "ಅಂಜನಾಪುರದ ಡ್ಯಾಮ್ ಹತ್ರ ಬಿಟ್ಬಿಡ್ರಿ ಮೇಷ್ಟ್ರೇ, ಮೀನು ತಿಂದ್ಕಂಡು ನಿಮ್ಗಿಂತ ಚೆನ್ನಾಗಿರ್ತದೆ" ಅಂದಿದ್ದರು. ಪಕ್ಕದ ಮನೆಯವರು ಅಷ್ಟು ನಿಷ್ಠುರರಲ್ಲ. ಗೋಣಿಚೀಲ ತಂದುಕೊಟ್ಟರು. "ಚೀಲಕ್ಕೆ ಹಾಕ್ರಿ. ಕತ್ಲಾದ್ರೆ ತೆಪ್ಪಗಿರ್ತವೆ." ಉಸಿರಾಟದ ಪಾಠವನ್ನು ವರ್ಷ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡಿದ ನಾನು ಚೀಲಕ್ಕೆ ಎರಡು ತೂತು ಮಾಡಿ, ಕೆಂಚನನ್ನು ಒಳಗೆ ತುಂಬಿ, ಕೊರಳ ಹಗ್ಗದ ತುದಿಯನ್ನು ಹೊರಗೆ ಬಿಟ್ಟು ಬಾಯಿ ಕಟ್ಟಿದೆ. ಪ್ರಯಾಣಕ್ಕೆ ಶಕ್ತಿ ಬೇಕಲ್ಲ ಅಂತ ಅದಕ್ಕೂ ಮುಂಚೆ ತಟ್ಟೆ ತುಂಬ ಹಾಲು ಅನ್ನ ತಿನ್ನಿಸಿದ್ದೆ. ನನ್ನ ಮಟ್ಟಿಗೆ ಎಲ್ಲ ಮುಂಜಾಗ್ರತೆಯೂ ಮುಗಿದಿತ್ತು.

ಖಾಸಗಿ ಬಸ್ಸು. ಬಾಗಿಲಲ್ಲಿ ಕಂಡಕ್ಟರ್ ನಿಂತಿದ್ದರು. ಐವತ್ತು ದಾಟಿದ ಆಳು, ತೊಳೆದು ತೊಳೆದು ಬಿಳಿಚಿದ ಖಾಕಿ ಅಂಗಿ. ಎಡ ಜೇಬಿನಲ್ಲಿ ಪೆನ್ನು, ಬಲ ಜೇಬಿನಲ್ಲಿ ಯಾವಾಗಲೂ ಒಂದು ಹೋಳು ನಿಂಬೆಹಣ್ಣು, ತಲೆ ಸುತ್ತುವವರಿಗೆ. ಆ ಜೇಬಿನ ಸುತ್ತ ಅಂಗಿ ಹಳದಿಯಾಗಿತ್ತು.

"ಚೀಲದಾಗೇನೈತೆ?"

"ನಾಯಿ" ಅಂದೆ. ಸುಳ್ಳು ಹೇಳಲು ಹೊಳೆಯಲಿಲ್ಲ. ಹೊಳೆದಿದ್ದರೂ ಚೀಲ ಅಲುಗುತ್ತಿತ್ತು.

ಅವರ ಮುಖ ಗಂಟಿಕ್ಕಿತು. "ಎಲ್ಲಿ ಬಿಡಾಕೆ ಹೊಂಟೀರಿ?"

ನನಗೆ ಅರ್ಥವಾಗಲಿಲ್ಲ. ಮರುಗಳಿಗೆ ಗೊತ್ತಾಯಿತು. ನಮ್ಮ ಕಡೆ ಬೇಡದ ನಾಯಿ ಬೆಕ್ಕುಗಳನ್ನು ಚೀಲಕ್ಕೆ ಹಾಕಿಯೇ ಒಯ್ಯುವುದು. ದಾರಿ ಕಾಣಬಾರದು, ಕಂಡರೆ ತಿರುಗಿ ಬರುತ್ತವೆ. ತಾಲ್ಲೂಕು ದಾಟಿಸಿ ಯಾವುದೋ ಸ್ಟಾಪಿನಲ್ಲಿ ಚೀಲದ ಬಾಯಿ ಬಿಚ್ಚಿದರೆ ಮುಗಿಯಿತು. ಆ ಪದ್ಧತಿ ನನಗೂ ಗೊತ್ತಿದ್ದದ್ದೇ. ಆದರೆ ನಾನೇ ಹಾಗೆ ಕಾಣುತ್ತಿದ್ದೇನೆ ಎಂದು ಹೊಳೆದಿರಲಿಲ್ಲ. ಏನೇನೆಲ್ಲ ಆಗಬಹುದು ಎಂದು ಯೋಚಿಸಿದ್ದರಲ್ಲಿ ಇದಿರಲಿಲ್ಲ.

"ಬಿಡೋಕಲ್ಲ ಮಾರಾಯ್ರೇ, ಸಾಕೋಕೆ! ಮೇಷ್ಟ್ರು ನಾನು, ವರ್ಗ ಆಗಿದೆ ನಂಗೆ. ನಮ್ಮನೆಯವ್ಳು ಅಲ್ಲಿ ಕಾಯ್ತಿದಾಳೆ."

"ಬಿಡೋರೆಲ್ಲ ಹಂಗೇ ಹೇಳದು. ನನ್ ಬಸ್ಸಿನಾಗೆ ಚೀಲದಾಗೆ ಬರೋದು ಅಕ್ಕಿ, ಕಾಯಿ. ಜೀವ ಅಲ್ಲ. ಇಳಿಸ್ರಿ."

ಸೊರಬಕ್ಕೆ ಮುಂದಿನ ಬಸ್ಸು ಎರಡು ಗಂಟೆ ಬಿಟ್ಟು. ಅದರವರು ಹತ್ತಿಸಿಕೊಳ್ಳುತ್ತಾರೆಂಬ ಖಾತ್ರಿಯಿಲ್ಲ. ಮನೆಯ ಬೀಗ ಕೊಟ್ಟಾಗಿತ್ತು. ನನ್ನ ಮನಸ್ಸಿನೊಳಗೆ ಆ ಡ್ಯಾಮಿನ ಏರಿ ಕಾಣಿಸಿತು, ಏರಿಯ ಮೇಲೆ ಕೆಂಚ ಒಬ್ಬನೇ... ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಒಂದು ಗಳಿಗೆ ಅದು ಸಾಧ್ಯ ಅನ್ನಿಸಿತ್ತು. ಆ ಗಳಿಗೆಗೆ ಹೆದರಿಯೇ ಇರಬೇಕು, ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕೂತು ಚೀಲದ ಬಾಯಿ ಬಿಚ್ಚಿದೆ. ಕೆಂಚ ತಲೆ ಹೊರಗೆ ಹಾಕಿ, ಓಡಿಹೋಗುವುದು ಬಿಟ್ಟು, ನನ್ನ ಕಂಕುಳಲ್ಲಿ ಮುಖ ತೂರಿಸಿ ನಡುಗತೊಡಗಿತು.

ಕಂಡಕ್ಟರ್ ನೋಡುತ್ತ ನಿಂತರು. ದನಿ ಇಳಿಯಿತು. "ಬೆಳಗ್ಗೆ ಏನು ತಿನ್ಸೀರಿ?"

"ಹಾಲು ಅನ್ನ."

"ಒಳ್ಳೇ ಮೇಷ್ಟ್ರು! ಪಿಕ್‌ನಿಕ್ಕಿಗೆ ಹೊಂಟತೇನ್ರೀ ಅದು? ಹೊಟ್ಟೆ ಖಾಲಿ ಇರ್ಬೇಕು. ನೀರು ಒಂದು ಗುಟುಕು ಸಾಕು." ಅಷ್ಟರಲ್ಲಿ ಅವರ ಕಣ್ಣು ಹಗ್ಗದ ಮೇಲೆ ಬಿತ್ತು. "ಕೊರಳಿಗೆ ಕಟ್ಟೀರಲ್ಲ! ಬ್ರೇಕ್ ಹಾಕಿದ್ರೆ ಮೈ ಮುಂದೆ ಹೋಗ್ತತೆ, ಹಗ್ಗ ಹಿಂದೆ ಉಳೀತತೆ. ಗೋಣು ಏನಾಗ್ಬೇಕು? ಎತ್ತಿಗೆ ನೊಗ ಎಲ್ಲಿಡ್ತಾರೆ, ಕೊರಳಿನ ನಾಳದ ಮೇಲೋ ಹೆಗಲ ಮೇಲೋ? ಎದೆಗೆ ಕಟ್ರಿ."

ಬಸ್ಸು ನಿಂತಾಗ ದೇಹ ಯಾಕೆ ಮುಂದಕ್ಕೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಪರೀಕ್ಷೆಗೆ ಹಾಕದೇ ನಾನು ಒಂದು ವರ್ಷವೂ ಬಿಟ್ಟವನಲ್ಲ. ಉತ್ತರ ಬರೆಯದವರ ಕಿವಿ ಹಿಂಡಿದ್ದೂ ಇದೆ.

ನನ್ನ ಹೆಗಲ ಟವೆಲ್ಲನ್ನು ಅವರೇ ಎಳೆದುಕೊಂಡರು. ಕೆಂಚನ ಎದೆಯ ಮೇಲೆ ಅಡ್ಡ ಹಾಯಿಸಿ, ಮುಂಗಾಲುಗಳ ಹಿಂದಿನಿಂದ ತಂದು, ಬೆನ್ನ ಮೇಲೆ ಎರಡು ಗಂಟು. ಎರಡು ಬೆರಳು ಒಳಗೆ ಆಡುತ್ತವೆಯೇ ಎಂದು ನೋಡಿ, ಹಗ್ಗವನ್ನು ಆ ಗಂಟಿಗೆ ಗಿಡ್ಡವಾಗಿ ಕಟ್ಟಿದರು. ಇನ್ನೊಂದು ತುದಿಯನ್ನು ನಾನು ಸೀಟಿನ ಕಂಬಿಗೆ ಸುತ್ತಹೋದರೆ ಕೈಮೇಲೆ ಹೊಡೆದರು. "ಅಲ್ಲಲ್ಲ. ಬಸ್ಸಿಗೆ ಏನಾರ ಆದ್ರೆ ನೀವು ಇಳೀತೀರಿ, ಅದು ಉಳೀತತೆ. ಹಗ್ಗ ಕೈಯಾಗಿರ್ಲಿ."

ಹಿಂದಿನ ಚಕ್ರದ ಮೇಲೆ ಬೇಡ, ಎತ್ತಿ ಹಾಕುತ್ತದೆ. ಇಂಜಿನ್ ಹತ್ತಿರ ಬೇಡ, ಕಾವು. ಬಾಗಿಲ ಹತ್ತಿರ ಮೊದಲೇ ಬೇಡ ಎನ್ನುತ್ತ ನಡುವಿನ ಕಿಟಕಿ ಸೀಟಿನವರನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ಅದೇ ಗೋಣಿಚೀಲವನ್ನು ನನ್ನ ಕಾಲ ಬಳಿ ಹಾಸಿ ಕೆಂಚನನ್ನು ಮಲಗಿಸಿದರು. ಗಾಬರಿಗೆ ನನಗೇ ತಲೆ ಸುತ್ತಿದಂತಾಗುತ್ತಿತ್ತು. ನಿಂಬೆಹೋಳು ಕೊಟ್ಟರು. ನಾನು ಅದನ್ನು ಕೆಂಚನ ಮೂಗಿಗೆ ಹಿಡಿಯಹೋದೆ.

"ಅದಕ್ಕಾಗಂಗಿಲ್ರೀ ಅದು! ನಿಮಗೆ!"

ಪಕ್ಕದ ಸೀಟಿನ ಅಜ್ಜಿಯೊಬ್ಬಳು ಬುಟ್ಟಿ ಮೇಲೆತ್ತಿಕೊಂಡು ಗೊಣಗಿದಳು. "ಯವ್ವಾ, ನಾಯೀನೂ ಬಸ್ಸಿಗೆ ಹತ್ತಿಸ್ತಾರೇನಪ್ಪಾ ಈಗ?"

"ಅಜ್ಜಿ, ಹೋದ್ವಾರ ನಿನ್ ಹುಂಜ ಡ್ರೈವರ್ ಹೆಗಲ ಮೇಲೆ ಕುಂತು ಶಿರಾಳಕೊಪ್ಪದ ಮಟ ಬಂತಲ್ಲ, ಆವಾಗ ನಾನೇನಾರ ಅಂದ್ನಾ?"

ಅಜ್ಜಿ ಬುಟ್ಟಿ ಇಳಿಸಿದಳು. ಸ್ವಲ್ಪ ಹೊತ್ತಿಗೆ ಇಣುಕಿ ನೋಡಿ, "ಯಾವೂರದು?" ಅಂತ ಕೇಳಿದಳು. ಈಸೂರಿನದು ಅಂದೆ. "ಮತ್ತೆ! ಬ್ರಿಟಿಷ್ರಿಗೇ ಬಗ್ಗದ ಊರು, ಅದಕ್ಕೇ ಚೀಲಕ್ಕೆ ಬಗ್ಗಲಿಲ್ಲ" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಅರ್ಧ ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದವು. ಡ್ರೈವರ್ ಗಕ್ಕನೆ ಬ್ರೇಕ್ ತುಳಿದರು. ಕೆಂಚ ಮುಂದಕ್ಕೆ ಜಾರಿತು. ಟವೆಲ್ ಎದೆಯನ್ನು ಹಿಡಿಯಿತು, ಹಗ್ಗ ನನ್ನ ಮಣಿಕಟ್ಟಿನಲ್ಲಿ ಬಿಗಿಯಿತು, ನಾಯಿ ಅಲ್ಲೇ ಕುಕ್ಕರಿಸಿ ಕೂತಿತು. ಕಟ್ಟು ಕೊರಳಿಗೇ ಇದ್ದಿದ್ದರೆ... ನನ್ನ ಹಣೆ ಮಾತ್ರ ಮುಂದಿನ ಸೀಟಿನ ಕಂಬಿಗೆ ಬಡಿದು ನಿಂಬೆಹಣ್ಣಿನ ಗಾತ್ರ ಊದಿತು. ಕಂಡಕ್ಟರ್ ಓಡಿಬಂದು ಮೊದಲು ನಾಯಿಯನ್ನು ತಡವಿ ನೋಡಿದರು, ಆಮೇಲೆ ನನ್ನನ್ನು. "ನಿಮ್ಮನ್ನ ಕಟ್ಟೋದು ಮರ್ತೆ ನೋಡ್ರಿ" ಅಂದರು.

ಶಿರಾಳಕೊಪ್ಪದಲ್ಲಿ ಬಸ್ಸು ಅರ್ಧ ಖಾಲಿಯಾಯಿತು. ಅವರು ಬಂದು ನನ್ನ ಪಕ್ಕ ಕೂತರು. ಕೇಳದೇ ಹೇಳಿದರು.

"ಒಂದ್ಸಲ ಒಬ್ಬ ಚೀಲ ತಂದು ಸೀಟಿನ ಕೆಳಗಿಟ್ಟ. ಅಲುಗಾಡ್ತಿತ್ತು. ನಾನು ಕೇಳ್ಲಿಲ್ಲ. ನಡುದಾರಿನಾಗೆ ಇಳಿದ. ಬಸ್ಸು ಹೊಂಟ ಮೇಲೆ ಹಿಂದೆ ನೋಡಿದ್ರೆ ನಾಯಿ ಓಡಿ ಬರ್ತಾ ಐತೆ. ಅವನ ಹಿಂದೆ ಅಲ್ಲ ಮೇಷ್ಟ್ರೇ, ಬಸ್ಸಿನ ಹಿಂದೆ. ಮನೀಗೆ ಹೋಗೋದು ಇದೇ ಅಂತ ತಿಳ್ಕಂಡಿತ್ತೇನೋ... ನಾನು ಸೀಟಿ ಹೊಡೀಬೇಕಿತ್ತು. ಹೊಡೀಲಿಲ್ಲ. ಹಿಂದಿನ ಗಾಡಿ ಬರೋ ಟೈಮಾಗಿತ್ತು, ನಿಂತ್ರೆ ನಮ್ ಜನ ಅದಕ್ಕೆ ಹತ್ತೋರು."

ಆಮೇಲೆ ಕೆಲಸದ ದನಿಯಲ್ಲಿ, "ಬರೋ ಭಾನುವಾರ ಹನ್ನೊಂದೂವರೆಗೆ ಸೊರಬದ ಸ್ಟ್ಯಾಂಡಿಗೆ ಇದನ್ನ ಕರ್ಕಂಡು ಬರ್ರಿ. ಬಿಟ್ಟಿಲ್ಲ ಅನ್ನೋದನ್ನ ನಾನು ನೋಡ್ಬೇಕು" ಅಂದು ಎದ್ದರು.

ಅವಮಾನವಾದಂತಾಯಿತು. ಹೋಗಬಾರದು ಅಂದುಕೊಂಡೆ. ಹೋಗದಿದ್ದರೆ ಅವರು ಏನಂದುಕೊಳ್ಳಬಹುದು ಎಂದು ಆರು ದಿನ ಯೋಚಿಸಿ, ಏಳನೇ ದಿನ ಹೋದೆ. ಸ್ಟ್ಯಾಂಡಿನಲ್ಲಿ ನನ್ನಂತೆಯೇ ಇನ್ನಿಬ್ಬರಿದ್ದರು. ಒಬ್ಬ ಹೆಂಗಸಿನ ಬುಟ್ಟಿಯಲ್ಲಿ ಬೆಕ್ಕು, ಒಬ್ಬ ರೈತರ ಕೈಯಲ್ಲಿ ಕುಂಟು ನಾಯಿ. ಇದೇ ಅವರ ಪದ್ಧತಿಯಂತೆ: ತನ್ನ ಬಸ್ಸಿನಲ್ಲಿ ಬಂದ ಜೀವಗಳೆಲ್ಲ ವಾರ ಬಿಟ್ಟು ಒಮ್ಮೆ ಮುಖ ತೋರಿಸಬೇಕು. ಮಕ್ಕಳ ಹಾಜರಿ ಕರೆಯುವವನು ನಾನು. ಅಂದು ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದೆ.

ಬಸ್ಸು ಬಂತು. ಸಾಲು ಗೀಲು ಕೆಂಚನಿಗೆ ಗೊತ್ತಿರಲಿಲ್ಲ. ನನ್ನನ್ನು ಎಳೆದುಕೊಂಡು ಮೆಟ್ಟಿಲು ಹತ್ತಿ, ನಡುವಿನ ಕಿಟಕಿ ಸೀಟಿನ ಕೆಳಗೆ ಹೋಗಿ ಮಲಗಿಬಿಟ್ಟಿತು. ಕಂಡಕ್ಟರ್ ಬಗ್ಗಿ ನೋಡಿ, "ಬಂದ್ಯೇನೋ" ಅಂದರು. ಅಷ್ಟೇ. ನನ್ನನ್ನು ಮಾತಾಡಿಸಲೂ ಇಲ್ಲ. ಆದರೆ ಅವರು ಎದ್ದು ನಿಂತಾಗ ಮುಖ ಬೇರೆಯದೇ ಆಗಿತ್ತು...

ಆಮೇಲೆ ಎಷ್ಟೋ ಭಾನುವಾರ ಹೋದೆವು, ಕರೆಯದೆಯೂ. ಒಂದು ಭಾನುವಾರ ಬೇರೆಯವರು ಸೀಟಿ ಹೊಡೆಯುತ್ತಿದ್ದರು. ಮಂಡಿ ನೋವಂತೆ, ರಜೆ ಅಂತೆ ಎಂದು ಡ್ರೈವರ್ ಹೇಳಿದರು. ಕೆಲವು ತಿಂಗಳು ಬಿಟ್ಟು ಮತ್ತೆ ಕೇಳಿದಾಗ, "ಹೋಗ್ಬಿಟ್ರಲ್ಲ ಮೇಷ್ಟ್ರೇ, ಎರಡು ತಿಂಗ್ಳಾತು" ಅಂದರು. ಎಲ್ಲ ಅನಾಹುತಗಳನ್ನೂ ಮುಂಚಿತವಾಗಿ ಯೋಚಿಸಿಟ್ಟುಕೊಳ್ಳುವ ನಾನು ಇದೊಂದನ್ನು ಯೋಚಿಸಿಯೇ ಇರಲಿಲ್ಲ. ಅವರ ಮನೆ ಯಾವ ಕೇರಿಯಲ್ಲಿತ್ತು ಎಂದೂ ಕೇಳಿರಲಿಲ್ಲ. ಕೆಂಚ ಪೂರ್ತಿ ಆಯಸ್ಸು ಬದುಕಿ, ಹೋದ ವರ್ಷ ನಮ್ಮ ಜಗಲಿಯ ಬಿಸಿಲಿನಲ್ಲಿ ಹೋಯಿತು. ಇನ್ನು ನಾಯಿ ಬೇಡ ಅಂದುಕೊಂಡಿದ್ದೆವು. ಅಂದುಕೊಂಡದ್ದು ನಾನು, ಹೆಂಡತಿ ಶಿಕಾರಿಪುರದಲ್ಲಿ ಮರಿ ಗೊತ್ತು ಮಾಡಿ ಬಂದಿದ್ದಳು.

ಹೋದ ತಿಂಗಳ ಆ ಬಸ್ಸಿನಲ್ಲಿ ಕಂಡಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟಿಕೆಟ್ ಕೊಡಲು ಬಂದವಳು ಮರಿಯ ಬೆನ್ನ ಮೇಲಿನ ಗಂಟನ್ನು ನೋಡಿದಳು. "ಸರ್, ಇದನ್ನ ಎಲ್ಲಿ ಕಲ್ತ್ರಿ? ಮೊನ್ನೆ ಹೊಸಬಾಳೆಯವ್ರು ಒಬ್ರು ತಮ್ಮ ನಾಯಿಗೆ ಹಿಂಗೇ ಟವೆಲ್ ಕಟ್ಕೊಂಡು ಬಂದಿದ್ರು. ಯಾರೋ ಕಂಡಕ್ಟರ್ ಹೇಳ್ಕೊಟ್ಟಿದ್ದಂತೆ."

ಹೊಸಬಾಳೆಯ ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ನಾನು ಬಿಚ್ಚಿ ಮತ್ತೆ ಕಟ್ಟಿ ತೋರಿಸಿದೆ. ಅವಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಎರಡು ಬೆರಳು ತೂರಿಸಿ ನೋಡಿ, "ಸಡಿಲ ಇರ್ಬೇಕಲ್ವಾ ಇಷ್ಟು?" ಅಂತ ಕೇಳಿದಳು. ಹೂಂ ಅಂದೆ.

ಮರಿ ಹಾರಲಿಲ್ಲ, ಕಚ್ಚಲಿಲ್ಲ, ವಾಂತಿ ಮಾಡಲಿಲ್ಲ. ಬಸ್ಸು ಕೆಡಲಿಲ್ಲ. ನಮ್ಮ ಸ್ಟಾಪು ಸೊರಬ ಪೇಟೆಗಿಂತ ಸ್ವಲ್ಪ ಮುಂಚೆ. ಆ ಹಳೆಯ ಕಂಡಕ್ಟರ್ ಇದ್ದಿದ್ದರೆ ಎರಡು ಫರ್ಲಾಂಗ್ ದೂರದಿಂದಲೇ "ಏಳ್ರಿ ಮೇಷ್ಟ್ರೇ, ಮೊದ್ಲು ನೀವು ಇಳೀರಿ, ಆಮ್ಯಾಲೆ ಅದು" ಎಂದು ಕೂಗುತ್ತಿದ್ದರು. ಸ್ಟಾಪು ಬಂತು, ಇಬ್ಬರು ಇಳಿದರು. ಮರಿ ಮಡಿಲಿನಿಂದ ಇಳಿದು ನನ್ನ ಪಾದದ ಮೇಲೆ ಗದ್ದವಿಟ್ಟು ಸಣ್ಣಗೆ ಗೊರಕೆ ಹೊಡೆಯುತ್ತಿತ್ತು. ಏಳಬೇಕು, ಏಳಬೇಕು ಅಂದುಕೊಳ್ಳುತ್ತಲೇ, ಆ ಕೂಗಿಗೆ ಕಾಯುವವನಂತೆ ಕೂತಿದ್ದೆ. ಸೀಟಿ ಆಯಿತು. ಪೇಟೆಯಲ್ಲಿ ಇಳಿದು, ಮರಿಯನ್ನು ಎತ್ತಿಕೊಂಡು ಅಷ್ಟೂ ದಾರಿ ಹಿಂದಕ್ಕೆ ನಡೆದು ಬರಬೇಕಾಯಿತು.